ಫೋಟೋ ನೋಡಿ ಏನು ಹೇಳಬೇಕು?

ಕವಿತೆ ಬರೆದು ತಂದವರಿಗೆ ‘ಓದಿ ಹೇಳ್ತೀನಿ’ ಎಂದು ತಪ್ಪಿಸಿಕೊಳ್ಳಬಹುದು. ಫೋಟೋ ತೋರಿಸುವವರ ಎದುರು ಆ ಸೌಲಭ್ಯವಿಲ್ಲ. ಮೊಬೈಲನ್ನು ನಮ್ಮ ಕಣ್ಣ ಮುಂದೆ ಹಿಡಿದು ಅವರು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಎರಡು ಸೆಕೆಂಡಿನಲ್ಲಿ ಏನಾದರೂ ಅನ್ನಲೇಬೇಕು. ‘ಸೂಪರ್’ ಅನ್ನುತ್ತೇವೆ.

ಅದು ಸುಳ್ಳು ಎನ್ನುವುದು ನನ್ನ ತಕರಾರಲ್ಲ. ಮದುವೆಮನೆಯ ಊಟ ಹೇಗಿತ್ತು ಎಂದು ಕೇಳಿದರೆ ‘ಚೆನ್ನಾಗಿತ್ತು’ ಅನ್ನುತ್ತೇವೆ, ಯಾರಿಗೂ ನಷ್ಟವಿಲ್ಲ. ಆದರೆ ಫೋಟೋ ತೋರಿಸುವ ಹವ್ಯಾಸಿ ಕೇಳುತ್ತಿರುವುದೇ ಬೇರೆ: ನನಗೆ ಕಂಡದ್ದು ನಿಮಗೂ ಕಾಣುತ್ತಿದೆಯೇ? ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನೋಡಬೇಕು. ನಾವು ಉಳಿಸಿಕೊಳ್ಳುವುದು ಆ ನೋಡುವ ಶ್ರಮವನ್ನೇ.

1933ರಲ್ಲಿ ಆನ್ಸೆಲ್ ಆಡಮ್ಸ್ ತನ್ನ ಚಿತ್ರಗಳ ಕಟ್ಟು ಹಿಡಿದುಕೊಂಡು ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಬಳಿ ಹೋದ. ಆಗ ಆಡಮ್ಸ್‌ಗೆ ಮೂವತ್ತೊಂದು ವರ್ಷ. ಸ್ಟೀಗ್ಲಿಟ್ಸ್ ಒಂದೂ ಮಾತಾಡದೆ ಎಲ್ಲ ಚಿತ್ರಗಳನ್ನು ನೋಡಿ ಕಟ್ಟನ್ನು ಮತ್ತೆ ಕಟ್ಟಿಟ್ಟ. ಆಮೇಲೆ ಅದನ್ನು ಪುನಃ ಬಿಚ್ಚಿ ಮೊದಲಿನಿಂದ ನೋಡಿದ. ಕೂರಲು ಬೇರೆ ಜಾಗವಿಲ್ಲದೆ ಆಡಮ್ಸ್ ಅಷ್ಟು ಹೊತ್ತೂ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಕೂತಿದ್ದನಂತೆ. ಅದು ಬಿಸಿಯಾಗಿಯೂ ಇತ್ತು. ಕೊನೆಗೆ ಬಂದದ್ದು ಮೆಚ್ಚುಗೆಯೇ. 1936ರಲ್ಲಿ ಅದೇ ಗ್ಯಾಲರಿಯಲ್ಲಿ ಆಡಮ್ಸ್‌ನ ಪ್ರದರ್ಶನವೂ ಆಯಿತು. ಆ ಮೆಚ್ಚುಗೆಗೆ ತೂಕ ಬಂದದ್ದು ಎರಡನೇ ಸಲ ನೋಡಿದ್ದರಿಂದ ಎಂದು ನನಗನ್ನಿಸುತ್ತದೆ.

ಇದಕ್ಕೆ ವಿರುದ್ಧವಾದದ್ದು ರಾಬರ್ಟ್ ಫ್ರಾಂಕ್‌ನ ಕಥೆ. ಅಮೆರಿಕವನ್ನು ಕಾರಿನಲ್ಲಿ ಸುತ್ತಿ ಸಾವಿರಾರು ಚಿತ್ರ ತೆಗೆದು, ಅದರಲ್ಲಿ ಎಂಬತ್ತಮೂರನ್ನು ಆರಿಸಿ ಅವನು ಮಾಡಿದ ಪುಸ್ತಕ ‘ದಿ ಅಮೆರಿಕನ್ಸ್’. ಅದು 1959ರಲ್ಲಿ ಅಲ್ಲಿ ಪ್ರಕಟವಾದಾಗ ಛಾಯಾಗ್ರಹಣದ ಪತ್ರಿಕೆಯೊಂದರ ವಿಮರ್ಶಕರು ಮಸುಕು, ಕಾಳುಕಾಳು, ಓರೆಯಾದ ದಿಗಂತ ಎಂದು ದೋಷಗಳನ್ನು ಪಟ್ಟಿ ಮಾಡಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ದಿಗಂತ ಓರೆಯಾಗಿಯೇ ಇತ್ತು. ಯಾಕೆ ಓರೆ ಎಂದು ಕೇಳುವ ತಾಳ್ಮೆ ಅವರಿಗಿರಲಿಲ್ಲ, ಅಷ್ಟೆ.

ನಮ್ಮಲ್ಲೂ ಈ ಪಟ್ಟಿ ಚಲಾವಣೆಯಲ್ಲಿದೆ. ಮುಖ್ಯ ವಸ್ತು ನಡುವೆ ಇರಬಾರದು, ಮೂರನೇ ಒಂದು ಭಾಗದ ಗೆರೆಯ ಮೇಲಿರಬೇಕು, ಹಿನ್ನೆಲೆ ಗೊಂದಲವಿರಬಾರದು, ಬಲಗಡೆ ಸ್ವಲ್ಪ ಕ್ರಾಪ್ ಮಾಡಬೇಕಿತ್ತು. ಬೆಂಗಳೂರಿಗೆ ಹವ್ಯಾಸಿ ಛಾಯಾಗ್ರಹಣದ ಒಳ್ಳೆಯ ಪರಂಪರೆಯೇ ಇದೆ. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳು ಎಷ್ಟೋ ಜನರ ಕೈ ಪಳಗಿಸಿವೆ. ಆದರೆ ಸಲೋನ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪ್ರತಿ ಚಿತ್ರಕ್ಕೂ ಕೆಲವೇ ಸೆಕೆಂಡು ಕೊಟ್ಟು ಅಂಕ ಹಾಕಬೇಕು. ಸಾವಿರಗಟ್ಟಲೆ ಚಿತ್ರ ಬಂದಾಗ ಬೇರೆ ದಾರಿಯೂ ಇಲ್ಲ. ಅಂಕಗಳಿಂದ ಆಯ್ಕೆ ಆಗುತ್ತದೆ, ಕಲಿಕೆ ಆಗುವುದಿಲ್ಲ. ತಾಂತ್ರಿಕ ಸಲಹೆಯಲ್ಲೂ ಉಪಯೋಗವಾಗುವುದು ಮುಂದಿನ ಸಲಕ್ಕೆ ಒದಗುವಂಥದ್ದು. ಅಂಚನ್ನು ಮನೆಗೆ ಬಂದ ಮೇಲೂ ಕತ್ತರಿಸಬಹುದು. ಎಲ್ಲಿ ನಿಂತೆ, ಎಷ್ಟು ಹೊತ್ತು ಕಾದೆ ಎನ್ನುವುದನ್ನು ಆಮೇಲೆ ಬದಲಿಸಲಾಗದು.

ಕೇಳಿಸಿಕೊಳ್ಳುವವರದ್ದೂ ಒಂದು ಪಾಡಿದೆ. ‘ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಂದಿಬೆಟ್ಟಕ್ಕೆ ಹೋಗಿದ್ದೆ ಸಾರ್, ಮಂಜು ಬೇರೆ’ ಎಂದು ಚಿತ್ರದ ಪರವಾಗಿ ವಕಾಲತ್ತು ಶುರುವಾಗುತ್ತದೆ. ಪಟ್ಟ ಕಷ್ಟ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ‘ಏನು ಕಂಡು ಕ್ಯಾಮೆರಾ ಎತ್ತಿದೆ?’ ಎಂದು ಕೇಳಿ ನೋಡಿ. ‘ಟೀ ಮಾರುವವನ ಲೋಟದಿಂದ ಏಳುವ ಹಬೆಯೂ ಮಂಜೂ ಒಂದೇ ಥರ ಕಂಡವು’ ಎನ್ನಬಹುದು. ಚಿತ್ರದಲ್ಲಿ ಟೀಯವನು ಮೂಲೆಯಲ್ಲೆಲ್ಲೋ ಸಾಸಿವೆಯಷ್ಟು ಇರುತ್ತಾನೆ. ಅಲ್ಲಿಂದ ಮಾತು ತಾನಾಗಿಯೇ ದಾರಿ ಹಿಡಿಯುತ್ತದೆ. ಇನ್ನು ನಾವು ಗುರುವಾಗಬೇಕಾದ ಅಗತ್ಯವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ಚಿತ್ರ, ಯಾವ ದೋಷವೂ ಇಲ್ಲದ್ದು. ಸಂತೆಯಲ್ಲಿ ಕೂತ ಅಜ್ಜಿಯ ಮುಖ. ‘ಸುಕ್ಕುಗಳ ಡೀಟೇಲ್ ನೋಡಿ!’ ಅನ್ನುತ್ತಾರೆ. ಹತ್ತು ಜನ ಬೆಳಕಿನ ಬಗ್ಗೆ, ಲೆನ್ಸಿನ ಬಗ್ಗೆ ಮಾತಾಡುತ್ತಾರೆ. ಅಜ್ಜಿಯನ್ನು ಕೇಳಿ ತೆಗೆದದ್ದೋ, ಆಕೆಗೆ ಒಂದು ಪ್ರತಿ ಸಿಕ್ಕಿತೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಚಿತ್ರದ ವಿಮರ್ಶೆಯಲ್ಲ, ಉಪದೇಶ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕದ್ದು ತೆಗೆದ ಮುಖಕ್ಕೂ ಮಾತಾಡಿಸಿ ತೆಗೆದ ಮುಖಕ್ಕೂ ಕಣ್ಣುಗಳಲ್ಲೇ ಎಷ್ಟೋ ಸಲ ವ್ಯತ್ಯಾಸ ಕಾಣುತ್ತದೆ, ಆದ್ದರಿಂದ ಅದೂ ಚಿತ್ರದ ಮಾತೇ.

ಹಕ್ಕಿಗೂಡಿನ ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ತಾಯಿಹಕ್ಕಿಯ ಕೊಕ್ಕಿನಲ್ಲಿ ಹುಳ, ಬಾಯಿ ತೆರೆದ ಮೂರು ಮರಿಗಳು, ಅಡ್ಡ ಒಂದೇ ಒಂದು ಎಲೆಯೂ ಇಲ್ಲ. ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿ ಎಲೆಗಳ ಮರೆ ನೋಡಿಯೇ ಕಟ್ಟುತ್ತದೆ. ಹಾಗಾದರೆ ಆ ಮರೆಯನ್ನು ಸರಿಸಿದವರು ಯಾರು? ಮರೆ ಹೋದ ಮೇಲೆ ಬಿಸಿಲು ನೇರ ಮರಿಗಳ ಮೇಲೆ, ಕಾಗೆಯ ಕಣ್ಣೂ ಅಲ್ಲಿಗೇ. ಗಾಬರಿಯಾದ ತಾಯಿ ಗೂಡನ್ನೇ ಬಿಟ್ಟು ಹೋಗುವುದೂ ಉಂಟು. ಇದಕ್ಕಾಗಿಯೇ ಈಗ ಕೆಲವು ಸ್ಪರ್ಧೆಗಳು ಗೂಡಿನ ಚಿತ್ರ ತೆಗೆದುಕೊಳ್ಳುವುದಿಲ್ಲ. ಆದರೆ ಚಿತ್ರ ತಂದ ಹುಡುಗನಿಗೆ ಇದೆಲ್ಲ ಗೊತ್ತಿರಲಾರದು; ಅವನ ಖುಷಿ ನಿಜವಾದದ್ದು. ಅವನ ಮೇಲೆ ಎಗರಿಬಿದ್ದರೆ ಮುಂದಿನ ಸಲವೂ ಕೊಂಬೆ ಕತ್ತರಿಸುತ್ತಾನೆ, ನಮಗೆ ತೋರಿಸುವುದಿಲ್ಲ ಅಷ್ಟೆ. ಫೋಕಸ್ ಎಷ್ಟು ಚೆನ್ನಾಗಿ ಸಿಕ್ಕಿದೆ ಎಂದು ಮೊದಲು ಹೇಳುತ್ತೇನೆ, ಅದು ಸತ್ಯವೇ. ಆಮೇಲೆ ಕೇಳುತ್ತೇನೆ: ‘ನೀನು ಹೊರಟ ಮೇಲೆ ಹಕ್ಕಿ ವಾಪಸ್ ಬಂತಾ?’