ದೊಡ್ಡ ಹುಣಸೆಯ ಮೂಲ ಊರು

ನಮ್ಮ ಹಾವೇರಿ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರಿಗಿಂತ ಮೊದಲು ಊರು ಕೇಳುತ್ತಾರೆ. ‘ಯಾವೂರ್ರೀ ನಿಮ್ದು?’ ಹೇಳಿದರೂ ಬಿಡುವುದಿಲ್ಲ. ‘ಅಲ್ರೀ, ಮೂಲ ಯಾವೂರು?’ ಎಂಬುದು ಬೆನ್ನಿಗೇ ಬರುತ್ತದೆ. ಸವಣೂರಿನ ದೊಡ್ಡ ಹುಣಸೆ ಕಲ್ಮಠದ ಮೂರು ಮರಗಳಿಗೆ ಈ ಎರಡನೆಯ ಪ್ರಶ್ನೆ ಕೇಳಿದರೆ ಉತ್ತರ ಆಫ್ರಿಕಾ. ಅಲ್ಲಿ ಅದರ ಹೆಸರು ಬಾವೊಬಾಬ್. ಕಾಂಡದ ಸುತ್ತಳತೆ ಹತ್ತು ಮೀಟರ್‌ಗೂ ಹೆಚ್ಚು. ಒಣ ತಿಂಗಳುಗಳಲ್ಲಿ ಎಲೆ ಉದುರಿಸಿ, ಕಾಂಡದಲ್ಲಿ ತುಂಬಿಕೊಂಡ ನೀರಿನ ಮೇಲೆ ಬದುಕುವ ಮರ ಅದು. ಹೂವು ಅರಳುವುದು ರಾತ್ರಿ, ಬಾವಲಿಗಾಗಿ.

ಕಡಲು ಸವಣೂರಿನಿಂದ ದೂರ. ಆದರೂ ಈ ಮರ ಯಾರದೋ ಕೈಯಲ್ಲಿ ಕಡಲು ದಾಟಿಯೇ ಬಂದಿರಬೇಕು ಎನ್ನುತ್ತಾರೆ. ಹಾಗೆ ನೋಡಿದರೆ, ಹಡಗಿನ ತಳಕ್ಕೆ ತಲೆ ಅಂಟಿಸಿಕೊಂಡು ಬೆಳೆದ ಮೇಲಿನ ಬದುಕೆಲ್ಲ ಕಳೆಯುವ ಬಾರ್ನಕಲ್ ಎಂಬ ಕಡಲಜೀವಿಗೆ ‘ಯಾವೂರು’ ಎಂದು ಕೇಳಿದರೆ ಅದು ಏನು ಹೇಳಬೇಕು?

ನಮ್ಮ ಜನ ಈ ಮರಕ್ಕೆ ಇಟ್ಟ ಹೆಸರು ನನಗೆ ಇಷ್ಟ. ಕಾಯಿಯ ಒಳಗಿನ ತಿರುಳು ಹುಳಿ, ಆದ್ದರಿಂದ ಹುಣಸೆ. ಗಾತ್ರ ದೊಡ್ಡದು, ಆದ್ದರಿಂದ ದೊಡ್ಡ ಹುಣಸೆ. ತಮಾಷೆ ಏನೆಂದರೆ ಹುಣಸೆಯ ತವರೂ ಆಫ್ರಿಕಾವೇ. ಅರಬರು ಅದನ್ನು ‘ಹಿಂದ್ ದೇಶದ ಖರ್ಜೂರ’ ಎಂದು ಕರೆದು ನಮ್ಮ ಲೆಕ್ಕಕ್ಕೆ ಬರೆದುಬಿಟ್ಟರು. ಮೊದಲು ಬಂದ ಅತಿಥಿಯ ಹೆಸರನ್ನು ನಾವು ಆಮೇಲೆ ಬಂದ ಅತಿಥಿಗೆ ಕೊಟ್ಟೆವು.

ಬ್ಯಾಡಗಿಯಲ್ಲೂ ಹೀಗೇ ಆಗಿದೆ. ಅಮೆರಿಕ ಖಂಡದ ಕಾಯಿಯೊಂದು ಪೋರ್ಚುಗೀಸರ ಹಡಗಿನಲ್ಲಿ ಬಂದಾಗ, ಖಾರಕ್ಕೆ ನಮ್ಮ ಬಳಿ ಇದ್ದ ಮಾತು ಮೆಣಸು. ಅದರಿಂದ ಮೆಣಸಿನಕಾಯಿ ಆಯಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಐನೂರು ವರ್ಷದ ಹಿಂದೆ ಈ ನೆಲ ಕಾಣದಿದ್ದ ಗಿಡ ಇವತ್ತು ಕಾನೂನಿನ ಪ್ರಕಾರ ಈ ನೆಲದ್ದು. ಇದರಲ್ಲಿ ಮೋಸವೇನೂ ಕಾಣುವುದಿಲ್ಲ. ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು ಬಣ್ಣ, ಕಡಿಮೆ ಖಾರ ಇವೆಲ್ಲ ಇಲ್ಲಿನ ರೈತರು ಬೀಜ ಆರಿಸಿ ಆರಿಸಿ ತಂದುಕೊಂಡ ಗುಣಗಳು. ಸವಣೂರಿನ ಮರಗಳ ಹಕ್ಕೂ ಇಂಥದ್ದೇ. 2023ರ ಜುಲೈ ಮಳೆಗೆ ಮೂರರಲ್ಲಿ ಒಂದು ಬುಡಸಮೇತ ಉರುಳಿದಾಗ, ಕಟ್ಟಿಗೆ ಆಯಿತೆಂದು ಬಿಡದೆ ಮತ್ತೆ ಎತ್ತಿ ನೆಟ್ಟರು. ಬಿದ್ದಾಗ ಎತ್ತುವವರು ಇದ್ದರೆ ಅದು ನಿಮ್ಮೂರು ಎನ್ನಬಹುದೇನೋ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ರಾಣೆಬೆನ್ನೂರು ಇದೆ.

1974ರಲ್ಲಿ ಅಲ್ಲಿ ಸುಮಾರು 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಿದರು. ಅದರ ಬಹುಪಾಲು ನೀಲಗಿರಿ ತೋಪು. ನೀಲಗಿರಿಯೂ ಅತಿಥಿಯೇ, ಆಸ್ಟ್ರೇಲಿಯಾದ್ದು. ಬ್ರಿಟಿಷರು ನೀಲಗಿರಿ ಬೆಟ್ಟಗಳಲ್ಲಿ ಬೆಳೆಸಿದ್ದರಿಂದ ಬೆಟ್ಟದ ಹೆಸರೇ ಮರಕ್ಕೆ ಅಂಟಿತು. ದೊಡ್ಡ ಹುಣಸೆಗೆ ಹೇಳಿದ ಮಾತನ್ನು ಇದಕ್ಕೂ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಮರದ ಮೇಲೇನೂ ಸಿಟ್ಟಿಲ್ಲ, ಅದಾಗಿ ನಡೆದು ಬರಲಿಲ್ಲ. ಸವಣೂರಿನ ಮೂರು ಮರ ಯಾರ ಜಾಗವನ್ನೂ ಕಸಿಯಲಿಲ್ಲ. ಇಲ್ಲಿ ಹುಲ್ಲಿನ ಬಯಲೇ ಹೋಯಿತು.

ಆ ಬಯಲಿನಲ್ಲಿ ಎರೆಭೂತ ಇತ್ತು. ಮೀಟರ್ ಎತ್ತರದ ಭಾರೀ ಹಕ್ಕಿ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾದದ್ದು ದೂರದವರೆಗೂ ಕಣ್ಣಿಗೆ ಅಡ್ಡವಿಲ್ಲದ ನೆಲ. ಮೂಲ ಊರಿನ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡಬಲ್ಲದ್ದು ಇದೊಂದೇ, ಎರೆ ಹೊಲದ ಹೆಸರನ್ನೇ ಹೊತ್ತಿದೆ. ರಾಣೆಬೆನ್ನೂರಿನಿಂದ ಅದು ಹೋಯಿತು. ರಾಜ್ಯದಲ್ಲಿ ಈಗ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ಬಂದವರಿಗೆಲ್ಲ ಮನೆಯ ಹೆಸರು ಕೊಟ್ಟ ನಾವು ಆ ಬಯಲಿಗೆ ಮಾತ್ರ ‘ಬೀಳು’, ‘ಬಂಜರು’ ಎಂದು ಬರೆದುಕೊಂಡೆವು. ಕಾಗದದಲ್ಲಿ ಏನೂ ಇಲ್ಲದ ಜಾಗದಲ್ಲಿ ಗಿಡ ನೆಡುವುದು ಪುಣ್ಯದ ಕೆಲಸವಾಗಿಯೇ ಕಂಡಿರಬೇಕು. ಶಾಲೆಯ ಗೋಡೆಗಳ ಮೇಲೆ ಇವತ್ತಿಗೂ ಮರ ನೆಡಿ ಎಂದೇ ಬರೆದಿರುತ್ತದೆ. ಹುಲ್ಲು ಉಳಿಸಿ ಎಂದು ಬರೆದದ್ದನ್ನು ನಾನು ನೋಡಿಲ್ಲ.

ನೀಲಗಿರಿ ತೆಗೆದು ಬಯಲನ್ನು ಹಿಂದಿರುಗಿಸಬೇಕು ಎಂದು ಇಲ್ಲಿ ಕೂತು ಬರೆಯುವುದು ಸುಲಭ. ಕೃಷ್ಣಮೃಗಗಳು ಸಾವಿರಾರು ಆಗಿವೆ, ರಾತ್ರಿ ಹೊಲಕ್ಕೆ ನುಗ್ಗುತ್ತವೆ. ಬಯಲು ಹಿಗ್ಗಿದರೆ ಅವೂ ಹಿಗ್ಗಬಹುದು. ಎರೆಭೂತಕ್ಕೆ ನಾವು ಉಳಿಸಿಕೊಂಡಿರುವ ಸಾಲವನ್ನು, ಗೋವಿನಜೋಳ ಕಾಯಲು ನಿದ್ದೆಗೆಟ್ಟು ಕೂರುವ ಆ ರೈತನೊಬ್ಬನೇ ಯಾಕೆ ತೀರಿಸಬೇಕು?