ಪೆನ್ಸಿಲ್ಲಿನಲ್ಲಿ ತಿದ್ದುವವರು

ನಮ್ಮ ತಂಗಿಯ ಮಗ ಟಿ. ನರಸೀಪುರದವನು. ದಸರೆ ರಜೆಗೆ ನಂಜನಗೂಡಿನ ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದ. ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿದರೆ, ‘ಮಾಡ್ ಹಾಕ್ತಿದ್ದೀನಿ ಮಾಮು’ ಎಂದ. ಹಳೆಯ ಕಂಪ್ಯೂಟರ್ ಆಟಗಳಿಗೆ ಅಭಿಮಾನಿಗಳು ತಾವೇ ಬರೆದು ಸೇರಿಸುವ ತಿದ್ದುಪಡಿಗೆ ‘ಮಾಡ್’ ಎನ್ನುತ್ತಾರಂತೆ. ಅವನು ಆಡುತ್ತಿದ್ದದ್ದು ಕೆನಡಾದ ಬಯೋವೇರ್ ಸಂಸ್ಥೆ 1998ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್’. ಆಡುವವನೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯಬೇಕಾದ ಆಟವದು.

ಕಥೆಯ ಆರಂಭದಲ್ಲೇ ನಾಯಕ ಸಾಕುತಂದೆಯನ್ನು ಕಳೆದುಕೊಂಡು ದಾರಿಗೆ ಬೀಳುತ್ತಾನೆ. ಎಷ್ಟು ದುರ್ಬಲನೆಂದರೆ ಅವನನ್ನು ಮುಗಿಸಲು ಒಂದು ತೋಳ ಸಾಕು. ನಮ್ಮ ಹುಡುಗ ಮೊದಲ ದಿನವೇ ಅವನಿಗೆ ಸೋಲಿಲ್ಲದ ಖಡ್ಗವನ್ನೂ ಕವಚವನ್ನೂ ಕೊಡಿಸುವ ಮಾಡ್ ಹಾಕಿದ. ಮೂರನೆಯ ದಿನ ಆಟ ಮುಚ್ಚಿ, ‘ಕಥೆ ಸಪ್ಪೆ’ ಎಂದ. ಅನಾಥನ ಭಯವನ್ನೇ ಕಿತ್ತುಹಾಕಿದ ಮೇಲೆ ಅನಾಥನ ಕಥೆಯಲ್ಲಿ ಉಳಿಯುವುದಾದರೂ ಏನು?

ಅವನ ಉತ್ತರ ಸಿದ್ಧವಾಗಿತ್ತು: ‘ದುಡ್ಡು ಕೊಟ್ಟು ತಗೊಂಡದ್ದು ಮಾಮು, ಆಡೋನು ನಾನೊಬ್ಬನೇ. ಯಾರಿಗೇನು ನಷ್ಟ?’ ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೇರೆ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಇದ್ದಂತೆ ಒಮ್ಮೆಯೂ ನೋಡದ ಕೃತಿಯ ಮೇಲೆ ಅವನು ತೀರ್ಪು ಕೊಟ್ಟನಲ್ಲ, ಅನ್ಯಾಯವಾದದ್ದು ಅಲ್ಲಿ.

ಹಾಗೆಂದು ತಿದ್ದುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ‘ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಎಂಬ ಆಟ 2004ರಲ್ಲಿ ಹತ್ತಾರು ದೋಷಗಳೊಂದಿಗೇ ಮಾರುಕಟ್ಟೆಗೆ ಬಂತು. ಮರುವರ್ಷ ಅದನ್ನು ತಯಾರಿಸಿದ ಟ್ರೋಯ್ಕಾ ಸಂಸ್ಥೆಯೇ ಮುಚ್ಚಿಹೋಯಿತು. ಅಭಿಮಾನಿಯೊಬ್ಬರು ದುರಸ್ತಿ ಆರಂಭಿಸಿದರು. ಅವರನ್ನು ಕೇಳಿ ಒಪ್ಪಿಗೆ ಪಡೆದು ವರ್ನರ್ ಸ್ಪಾಲ್ ಎಂಬ ಜರ್ಮನಿಯ ರಸಾಯನಶಾಸ್ತ್ರಜ್ಞರು ಅದನ್ನು ವರ್ಷಗಟ್ಟಲೆ ಮುಂದುವರಿಸಿದರು. ತಯಾರಕರು ಕೈಬಿಟ್ಟಿದ್ದ ಭಾಗಗಳನ್ನೂ ಅವರು ಹೆಕ್ಕಿ ಸೇರಿಸತೊಡಗಿದಾಗ ಕೆಲವರು ಆಕ್ಷೇಪಿಸಿದರು. ಈಗ ಅದರಲ್ಲಿ ಎರಡು ಬಗೆಗಳಿವೆ. ‘ಬೇಸಿಕ್’ ಆರಿಸಿಕೊಂಡರೆ ದುರಸ್ತಿ ಮಾತ್ರ. ‘ಪ್ಲಸ್’ ಆರಿಸಿಕೊಂಡರೆ ಸೇರ್ಪಡೆಗಳೂ ಉಂಟು. ದುರಸ್ತಿ ಯಾವುದು, ತನ್ನ ಸೇರ್ಪಡೆ ಯಾವುದು ಎಂದು ಬೇರ್ಪಡಿಸಿ ತೋರಿಸುವ ಈ ಪ್ರಾಮಾಣಿಕತೆ ಸಣ್ಣದಲ್ಲ.

ಬಾಲ್ಡರ್ಸ್ ಗೇಟ್‌ಗೆ ಮಾಡ್ ಹಾಕಲು ವೆಸ್ಟ್ಲಿ ವೈಮರ್ ಎಂಬವರು ರೂಪಿಸಿದ ಸಾಧನವೊಂದಿದೆ. ಏನನ್ನಾದರೂ ಬದಲಿಸುವ ಮೊದಲು ಅದು ಹಳೆಯದರ ಪ್ರತಿ ತೆಗೆದಿಡುತ್ತದೆ. ಯಾವ ಮಾಡ್ ಯಾವುದರ ನಂತರ ಬಂತೆಂದು ಬರೆದಿಡುತ್ತದೆ. ನಡುವಿನದೊಂದನ್ನು ತೆಗೆಯಬೇಕಾದರೆ ಅದರ ಮೇಲಿನದನ್ನೆಲ್ಲ ಒಂದೊಂದಾಗಿ ಕಳಚಿ, ಬೇಡವಾದದ್ದನ್ನು ತೆಗೆದು, ಉಳಿದವನ್ನು ಮತ್ತೆ ಜೋಡಿಸುತ್ತದೆ.

ಹುಡುಗ ಇದನ್ನು ವಿವರಿಸುತ್ತಿದ್ದಾಗ ನಮಗೆ ನರಸೀಪುರ ಸೀಮೆಯ ‘ಕುರುಕ್ಷೇತ್ರ’ ನಾಟಕದ ದಿನಗಳು ನೆನಪಾದವು. ಊರೂರು ತಿರುಗಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರೊಬ್ಬರಿದ್ದರು. ಹೊಸದಾಗಿ ಸೇರಿಸಿದ ಹಾಡು, ಮೊಟಕು ಮಾಡಿದ ಮಾತು, ಎಲ್ಲವನ್ನೂ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದರು. ಯಾಕೆ ಮೇಷ್ಟ್ರೇ ಎಂದರೆ, ‘ಮುಂದಿನ ಊರಿನ ಕರ್ಣನಿಗೆ ಒಳ್ಳೇ ಗಂಟಲಿದ್ರೆ ಪೂರ್ತಿ ಬೇಕಾಗ್ತದಲ್ಲಪ್ಪ’ ಎನ್ನುತ್ತಿದ್ದರು. ತಮ್ಮ ನಂತರವೂ ಆ ಪ್ರತಿಯನ್ನು ಬಿಡಿಸುವವರು ಇರುತ್ತಾರೆಂಬ ಅರಿವು ಅವರಿಗಿತ್ತು.

ಹೆಚ್ಚಿನ ಎಚ್ಚರ ಬೇಕಾದದ್ದು ‘ಮೂಲವನ್ನು ಮರಳಿ ತರುತ್ತೇವೆ’ ಎನ್ನುವ ಮಾಡ್‌ಗಳ ವಿಷಯದಲ್ಲಿ. ತಯಾರಕರು ಕೈಬಿಟ್ಟದ್ದೆಲ್ಲ ಕಳೆದುಹೋದ ನಿಧಿಯಲ್ಲ. ಕೆಲವನ್ನು ಸಮಯ ಸಾಲದೆ ಬಿಟ್ಟಿರುತ್ತಾರೆ, ಕೆಲವನ್ನು ಬೇಡವೆಂದೇ ಬಿಟ್ಟಿರುತ್ತಾರೆ. ‘ಇದು ನನ್ನದು’ ಎಂದು ಹೇಳಿ ಸೇರಿಸುವವನನ್ನು ಪ್ರಶ್ನಿಸಬಹುದು. ‘ಇದೇ ಮೂಲ’ ಎನ್ನುವವನು ಪ್ರಶ್ನೆಗೇ ಎಡೆಗೊಡುವುದಿಲ್ಲ.

ಈ ಮಾತು ಆಟಕ್ಕಷ್ಟೇ ಸೀಮಿತವಲ್ಲ. ನಮ್ಮ ನಂಜನಗೂಡಿನ ನಂಜುಂಡೇಶ್ವರನಿಗೆ ‘ಹಕೀಮ್ ನಂಜುಂಡ’ ಎಂಬ ಹೆಸರೂ ಉಂಟು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ ಪಚ್ಚೆಯ ಲಿಂಗವನ್ನು ಅರ್ಪಿಸಿ ಹಾಗೆ ಕರೆದನೆಂದು ಪ್ರತೀತಿ. ಹಕೀಮ್ ಎಂಬುದು ಆಮೇಲೆ ಸೇರಿದ ಮಾತು. ಆದರೆ ಅದು ನಂಜುಂಡನೆಂಬ ಹೆಸರನ್ನು ಅಳಿಸಲಿಲ್ಲ, ಪಕ್ಕದಲ್ಲಿ ನಿಂತಿತು. ಅದರ ಮೇಲೆ ಎಷ್ಟೋ ತಲೆಮಾರುಗಳ ನೆರೆಹೊರೆಯ ಬಾಳು ಕಟ್ಟಿಕೊಂಡಿದೆ. ಮೂಲದಲ್ಲಿ ಇರಲಿಲ್ಲವೆಂದು ಇಂಥದ್ದನ್ನು ಕಿತ್ತರೆ, ಮೇಲಿನದನ್ನು ಮತ್ತೆ ಜೋಡಿಸಿಕೊಡುವ ಸಾಧನವನ್ನು ಯಾರೂ ರೂಪಿಸಿಲ್ಲ.

ಮಾಡ್ ಆರಿಸುವ ಕಿರಿಯರಿಗೆ ನಾವು ಹೇಳುವುದು ಇಷ್ಟೇ: ಮೊದಲು ದುರಸ್ತಿಯದನ್ನು ಮಾತ್ರ ಹಾಕಿ, ಒಮ್ಮೆ ಇದ್ದಂತೆಯೇ ಆಡಿ. ಆಮೇಲೆ ನಿಮ್ಮ ಇಷ್ಟದ್ದನ್ನು ಸೇರಿಸಿ, ಹಿಂದಿರುಗುವ ದಾರಿಯನ್ನು ಮಾತ್ರ ಮುಚ್ಚಬೇಡಿ.

ರಜೆ ಮುಗಿಯುವ ಹಿಂದಿನ ರಾತ್ರಿ ನಮ್ಮ ಹುಡುಗ ಖಡ್ಗದ ಮಾಡನ್ನು ತೆಗೆದುಹಾಕಿದ. ಅರ್ಧ ಗಂಟೆಯೊಳಗೆ ಅವನ ನಾಯಕ ತೋಳದ ಬಾಯಿಗೆ ಬಿದ್ದ. ಊಟಕ್ಕೆ ಕರೆದರೆ, ‘ಇರಿ ಮಾಮು, ಇನ್ನೊಂದ್ಸಲ’ ಎಂದ.