ಎಲ್ಲರ ನೀರು, ನಮ್ಮ ಕೊಡ

ಕೋಲಾರ ಪಟ್ಟಣದಿಂದ ಮೂರು ನಾಲ್ಕು ಕಿಲೋಮೀಟರು ದೂರದಲ್ಲಿ ಶತಶೃಂಗ ಪರ್ವತವೆಂದು ಹೆಸರಾದ ಬೆಟ್ಟಗಳ ಸಾಲಿದೆ. ಅರಣ್ಯ ಇಲಾಖೆಯ ಆಡಳಿತಕ್ಕೆ ಸೇರಿದ ಆ ಕುರುಚಲು ಕಾಡಿನ ನಡುವೆ ಮೆಟ್ಟಿಲುಗಳನ್ನೇರಿ ಹೋದರೆ, ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತಿರುತ್ತದೆ. ಅದೇ ಅಂತರಗಂಗೆ. ಮಳೆಯ ನೀರು ಬೆಟ್ಟದ ಬಂಡೆಗಳ ಬಿರುಕುಗಳಲ್ಲಿ ಇಂಗಿ, ತಡವಾಗಿ, ಕೆಳಗೆಲ್ಲೋ ಹೊರಬೀಳುವುದು ಒರತೆಯ ಸಹಜ ಧರ್ಮ. ಕೋಲಾರವು ಗಂಗರ ಮೊದಲ ರಾಜಧಾನಿಯಾಗಿದ್ದ ಕುವಲಾಲಪುರ. ಆ ವಂಶದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ನೆರವಾದರೆಂದು ಶಾಸನಗಳು ಹೇಳುತ್ತವೆ. ಹೀಗಾಗಿ ಆ ಊರು ಜೈನರಾದ ನಮಗೆ ಅಪರಿಚಿತವಲ್ಲ.

ಆದರೆ ಅದು ನೀರಿಗೆ ಬಡವಾದ ಸೀಮೆ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಹಲವೆಡೆ ಆ ಆಳದ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ಹರಿಸಬೇಕಾಗಿ ಬಂದಿತೆಂದರೆ ಆ ಬಾಯಾರಿಕೆಯ ಪ್ರಮಾಣವನ್ನು ಊಹಿಸಬಹುದು. ಇಂಥ ನೆಲದಲ್ಲಿ ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವ ಒಂದು ಧಾರೆ ಸಾಮಾನ್ಯ ವಸ್ತುವಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಸಂಸಾರ ಸಮೇತರಾಗಿ ಅಲ್ಲಿಗೆ ಹೋಗಿದ್ದೆವು. ಈ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆಂಬ ಮಾತು ಕೇಳಿ, ಬೆಂಗಳೂರಿನಿಂದಲೇ ನಾಲ್ಕು ದೊಡ್ಡ ಕ್ಯಾನುಗಳನ್ನು ತಂದಿದ್ದೆವು. ಧಾರೆ ಸಣ್ಣದಾಗಿತ್ತು. ಎರಡನೆಯ ಕ್ಯಾನು ತುಂಬುವ ಹೊತ್ತಿಗೆ ವೃದ್ಧೆಯೊಬ್ಬರು ಬಿಂದಿಗೆ ಹಿಡಿದು ಬಂದು ಪಕ್ಕದ ಕಟ್ಟೆಯ ಮೇಲೆ ಕುಳಿತರು. ನಾನು ಸಂಕೋಚದಿಂದ, "ನೀವು ಮೊದಲು ಹಿಡ್ಕೊಳ್ಳಿ ಅಮ್ಮ" ಎಂದೆ. "ನೀವು ದೂರ ಹೋಗೋರು, ತುಂಬ್ಕೊಳ್ಳಿ ಸ್ವಾಮಿ. ನಾನು ದಿನಾ ಬರೋಳೇ" ಎಂದರು. ನಾನು ನಾಲ್ಕನ್ನೂ ತುಂಬಿಸಿಕೊಂಡೆ. ಅವರು ಅರ್ಧ ಗಂಟೆಗೂ ಮಿಕ್ಕಿ ಕಾದರು.

ಹಿಂದಿರುಗುವಾಗ ಮನಸ್ಸು ಒಂದು ಪ್ರಶ್ನೆಯನ್ನು ಬಿಡಲಿಲ್ಲ. ಯಾರದೂ ಅಲ್ಲದ ನೀರನ್ನು, ಕಾದವರ ಒಪ್ಪಿಗೆಯಿಂದಲೇ ಪಡೆದ ಮೇಲೆ, ದೋಷವೆಲ್ಲಿಂದ ಬಂತು?

ಕೊಡದುದನ್ನು ತೆಗೆದುಕೊಳ್ಳುವುದು ಕಳವು ಎಂಬುದು ಅಚೌರ್ಯದ ಲಕ್ಷಣ. ಇದನ್ನು ಅಕ್ಷರಶಃ ಪಾಲಿಸಿದರೆ ಗೃಹಸ್ಥನು ಬಾವಿಯ ನೀರನ್ನೂ ಮುಟ್ಟಲಾಗದು. ಈ ತೊಡಕನ್ನು ನಮ್ಮ ಆಚಾರ್ಯರು ಕಂಡಿದ್ದರು. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ, ಪರರ ಬಾವಿಯ ನೀರು ಮೊದಲಾದವನ್ನು ಬಿಡಲಾರದವರೂ ಉಳಿದ ಅದತ್ತವನ್ನೆಲ್ಲ ತ್ಯಜಿಸಲೇಬೇಕೆಂದು ವಿಧಿಸುತ್ತಾರೆ. 13ನೆಯ ಶತಮಾನದ ಪಂಡಿತ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿ, ಎಲ್ಲರ ಭೋಗಕ್ಕೆ ತೆರೆದಿರುವ ನೀರು ಮುಂತಾದವನ್ನು ಅಣುವ್ರತಿಯ ನಿಷೇಧದಿಂದ ಹೊರಗಿಡುತ್ತಾರೆ. ಆದ್ದರಿಂದ ನಾನು ಕಳ್ಳನಲ್ಲ.

ಆದರೆ ಅಮೃತಚಂದ್ರರ ಮಾತಿನ ಧಾಟಿಯನ್ನು ಗಮನಿಸಬೇಕು. ನೀರನ್ನು ಬಿಡಲು ಅಸಮರ್ಥರಾದವರಿಗೆ ಆ ವಿನಾಯಿತಿ. ಅದು ಅಸಾಮರ್ಥ್ಯಕ್ಕೆ ತೋರಿದ ಕರುಣೆಯೇ ಹೊರತು ಹಕ್ಕುಪತ್ರವಲ್ಲ. ಬಾಯಾರಿಕೆಯಲ್ಲಿ ನಾನು ಅಸಮರ್ಥ. ಬೇಳೆ ಮೆತ್ತಗೆ ಬೇಯಲೆಂಬ ಆಸೆಯಲ್ಲಿ ಅಸಮರ್ಥನೇ? ಒಂದು ಕೊಡದವರೆಗೆ ನಾನು ಆ ಕರುಣೆಗೆ ಪಾತ್ರ. ಅದರಾಚೆಗಿನದು ಅಚೌರ್ಯದ ಪ್ರಶ್ನೆಯಲ್ಲ, ಪರಿಮಾಣದ ಪ್ರಶ್ನೆ. ಭೋಗೋಪಭೋಗ ಪರಿಮಾಣವ್ರತವು ನೀರಿಗೂ ಅನ್ವಯಿಸುತ್ತದೆಂಬುದನ್ನು ನಾವು ಮರೆಯುತ್ತೇವೆ. ಸಮಂತಭದ್ರಾಚಾರ್ಯರಂತೂ ನಿಷ್ಪ್ರಯೋಜನವಾಗಿ ನೀರನ್ನು ಬಳಸುವುದನ್ನು, ನೆಲ ಅಗೆಯುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದರ ಜೊತೆಗೆ ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ.

"ನೀವು ಹಿಡಿಯದಿದ್ದರೂ ಅದು ಹರಿದೇ ಹೋಗುತ್ತದಲ್ಲ?" ಎಂದು ಕೇಳುವವರುಂಟು. ಹರಿದುಹೋದ ನೀರು ವ್ಯರ್ಥವಾಯಿತೆಂಬುದು ಕೊಡ ಹಿಡಿದವನ ದೃಷ್ಟಿ. ಕಲ್ಯಾಣಿಯ ಅಂಚಿನಲ್ಲಿ ಕೋತಿಗಳು ಕುಡಿಯುತ್ತಿದ್ದವು. ಹರಿದ ನೀರಿನಿಂದಲೇ ಕೆಳಗಿನ ಗಿಡಗಳು ಬೇಸಿಗೆಯಲ್ಲೂ ಹಸಿರಾಗಿದ್ದವು. ಅವು ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಇನ್ನು ಆ ತಾಯಿ ಕೊಟ್ಟುದು ಅವರ ಔದಾರ್ಯ. ಒಬ್ಬರ ಔದಾರ್ಯವು ಇನ್ನೊಬ್ಬರ ಲೋಭಕ್ಕೆ ಸಮರ್ಥನೆಯಾಗಲಾರದು.

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ನನ್ನ ಕೈಚೀಲದಲ್ಲಿ ನೀರು ಸೋಸುವ ದಪ್ಪ ಬಟ್ಟೆಯಿತ್ತು. ಮನೆಯಲ್ಲಿ ಸೋಸಿದರಾಯಿತೆಂದು ಅದನ್ನು ಹೊರತೆಗೆಯಲೇ ಇಲ್ಲ. ನೀರು ಸೋಸುವ ವಿಧಿ ಬಟ್ಟೆಯೊಂದಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ತ್ರಸಜೀವಿಗಳನ್ನು ಅದೇ ಜಲಮೂಲಕ್ಕೆ ಮೆಲ್ಲನೆ ಮರಳಿಸಬೇಕು. ಅಂತರಗಂಗೆಯ ಜೀವಿಗಳನ್ನು ಬೆಂಗಳೂರಿನ ಯಾವ ಮೂಲಕ್ಕೆ ಮರಳಿಸಲಿ? ಅಂದು ಅಡುಗೆಮನೆಯ ತೊಟ್ಟಿಯ ಮುಂದೆ ಬಟ್ಟೆ ಹಿಡಿದು ನಿಂತಾಗ ಆ ಹಳೆಯ ವಿಧಿಯ ಅರ್ಥ ಹೊಳೆಯಿತು. ಅದು ಕುಡಿಯುವವನನ್ನು ನೀರಿನ ಮೂಲಕ್ಕೆ ಕಟ್ಟಿಹಾಕುತ್ತದೆ. ಮೂಲದ ಬಳಿಯೇ ನಿಂತು ಸೋಸುವವನು ತನಗೆ ಬೇಕಾದಷ್ಟನ್ನೇ ಸೋಸುತ್ತಾನೆ. ಸೋಸಿದ ನೀರಿಗೂ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಅವಧಿಯಿರುವುದರಿಂದ ಅನಾವಶ್ಯಕವಾಗಿ ಕೂಡಿಡುವ ಆಸೆಯೂ ಕುಗ್ಗುತ್ತದೆ. ಅಹಿಂಸೆಯ ಈ ಸಣ್ಣ ಆಚಾರದೊಳಗೇ ಅಪರಿಗ್ರಹವೂ ಅಡಗಿದೆ.

ಕ್ಷೇತ್ರಗಳ ವ್ಯವಸ್ಥಾಪಕ ಸಮಿತಿಗಳೂ ಇದನ್ನು ಪರಾಂಬರಿಸಬೇಕು. ಯಾತ್ರಾರ್ಥಿಗಳ ತಂಡ ಕಾಡಿನ ಒರತೆಯ ಬಳಿ ನಿಲ್ಲುವಾಗ, ಕುಡಿಯಲು ಬೇಕಾದಷ್ಟೇ ಹಿಡಿಯುವುದು, ಅಲ್ಲಿಯೇ ಸೋಸುವುದು, ಸಾಬೂನು ತಾಗಿಸದಿರುವುದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವುದು, ಸ್ಥಳೀಯರಿಗೆ ಮೊದಲ ಸರದಿ ಬಿಡುವುದು ಎಂಬ ನಿಯಮಗಳನ್ನು ಹೊರಡುವ ಮುನ್ನವೇ ತಿಳಿಸುವುದು ಕಷ್ಟವಲ್ಲ. ಬಸದಿಗಳ ಮಾಳಿಗೆಯ ಮಳೆನೀರನ್ನು ನೆಲಕ್ಕಿಂಗಿಸುವುದೂ ಪಡೆದುದನ್ನು ಮರಳಿಸುವ ಒಂದು ದಾರಿ.

ಆ ನಾಲ್ಕು ಕ್ಯಾನುಗಳ ನೀರಿನಲ್ಲಿ ಬೇಳೆ ಚೆನ್ನಾಗಿಯೇ ಬೆಂದಿತು. ಉಣ್ಣುವಾಗ ಮಾತ್ರ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕಾದು ಕುಳಿತಿದ್ದ ಆ ತಾಯಿಯ ನೆನಪಾಗುತ್ತಿತ್ತು. ಮತ್ತೆ ಅಲ್ಲಿಗೆ ಹೋಗುವ ಸಂದರ್ಭ ಬಂದರೆ ಒಂದು ತಂಬಿಗೆಯನ್ನೂ ಆ ಬಟ್ಟೆಯನ್ನೂ ಮಾತ್ರ ಒಯ್ಯಬೇಕೆಂದು ನಿಶ್ಚಯಿಸಿದ್ದೇನೆ.